ಮನೆಕಂದಾಯದ ಜೊತೆ ಕಸದ ಶುಲ್ಕವನ್ನೂ ಕಟ್ಟುತ್ತೇವೆ. ಸೂಜಿ, ಟ್ಯೂಬ್‌ಲೈಟ್, ಕೀಟನಾಶಕದ ಡಬ್ಬಿಗಳನ್ನು ಯಾರಿಗೆ ಕೊಡಬೇಕು?

ಹಳೇಪೇಟೆ ಶಿಕ್ಷಕಿ (ಪ್ರಶ್ನೆ)

ಏಪ್ರಿಲ್ ಒಳಗೆ ಕಟ್ಟಿದರೆ ಶೇ 5 ರಿಯಾಯಿತಿ ಇರುವುದರಿಂದ ಈ ಸಲವೂ ಪುರಸಭೆಗೆ ಹೋಗಿ ಮನೆಕಂದಾಯ ಕಟ್ಟಿದ್ದೇನೆ. ನಮ್ಮದು ಅಡಿಕೆ ಸೀಮೆಯ ಸಣ್ಣ ಪಟ್ಟಣ, 23 ವಾರ್ಡುಗಳು. ಚಲನ್‌ನಲ್ಲಿ ಇರುವುದನ್ನು ಹಾಗೆಯೇ ಬರೆಯುತ್ತೇನೆ: ಆಸ್ತಿ ತೆರಿಗೆ 2,400 ರೂಪಾಯಿ. ಅದರ ಮೇಲೆ ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಉಪಕರ ಶೇ 6, ಭಿಕ್ಷುಕರ ಉಪಕರ ಶೇ 3, ಮೂರೂ ಸೇರಿ 576. ಕೊನೆಯ ಸಾಲಿನಲ್ಲಿ ಘನತ್ಯಾಜ್ಯ ಶುಲ್ಕವೆಂದು ಬೇರೆಯಾಗಿ 360.

ಕೊಡುವುದಕ್ಕೆ ನನ್ನ ತಕರಾರಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಕಸದ ಆಟೋ ಬರುತ್ತದೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದು ಬೀದಿಯವರಿಗೆಲ್ಲ ಅಭ್ಯಾಸವಾಗಿದೆ. ಮಾರಿಗುಡಿ ತಿರುವಿನಲ್ಲಿದ್ದ ಕಸದ ಗುಡ್ಡೆ ಹೋಗಿ ವರ್ಷಗಳಾದವು. ಇಷ್ಟು ನಡೆಯಬೇಕಾದರೆ ಹಣ ಬೇಕು ಎಂಬುದು ನನಗೂ ಗೊತ್ತು.

ನಾನು ಕೇಳುತ್ತಿರುವುದು ಆ ಎರಡು ಬುಟ್ಟಿಗಳಿಗೂ ಸೇರದ ವಸ್ತುಗಳ ಬಗ್ಗೆ. ಅತ್ತೆಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಬಳಸಿದ ಸೂಜಿಗಳನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ಇಡುತ್ತಾ ಬಂದಿದ್ದೇನೆ. ಬಾಟಲಿಗಳು ಸಾಲಾಗಿ ಕಪಾಟಿನಲ್ಲಿವೆ. ಕೊಟ್ಟಿಗೆಯ ಅಟ್ಟದಲ್ಲಿ ಉರಿದುಹೋದ ಟ್ಯೂಬ್‌ಲೈಟುಗಳಿವೆ, ಸಿಎಫ್‌ಎಲ್ ಬಲ್ಬುಗಳಿವೆ. ಮಾವ ತೋಟ ನೋಡಿಕೊಳ್ಳುತ್ತಿದ್ದ ಕಾಲದ ಕ್ಲೋರೋಪೈರಿಫಾಸ್ ಕೀಟನಾಶಕದ ಡಬ್ಬಿಯ ತಳದಲ್ಲಿ ಇನ್ನೂ ಔಷಧಿ ಉಳಿದಿದೆ. ಕಲ್ಲಿನಂತೆ ಗಟ್ಟಿಯಾದ ಮೈಲುತುತ್ತದ ಚೀಲವೊಂದಿದೆ. ಪೇಂಟ್, ವಾರ್ನಿಷ್, ಅವಧಿ ಮೀರಿದ ಮಾತ್ರೆಗಳು, ಟಾರ್ಚಿನ ಸೆಲ್ಲುಗಳು ಇವೆ. ಇದು ನಮ್ಮ ಒಂದು ಮನೆಯ ಲೆಕ್ಕ.

ಕಳೆದ ತಿಂಗಳು ನಮ್ಮ ಬೀದಿಯಲ್ಲೇ ಆಟೋ ಜೊತೆ ಬರುವ ಪೌರಕಾರ್ಮಿಕ ಮಹಿಳೆಯ ಕೈಗೆ ಸೂಜಿ ಚುಚ್ಚಿತು. ಯಾರದೋ ಮನೆಯ ಒಣ ಕಸದ ಚೀಲದಲ್ಲಿ ಹಾಲಿನ ಪ್ಯಾಕೆಟ್ಟುಗಳ ನಡುವೆ ಕ್ಯಾಪ್ ಇಲ್ಲದ ಸಿರಿಂಜ್ ಇತ್ತು. ಅವರ ಕೈಗವಸು ತೋರುಬೆರಳಿನ ತುದಿಯಲ್ಲಿ ಮೊದಲೇ ಸವೆದು ಹರಿದಿತ್ತು, ಚುಚ್ಚಿದ್ದೂ ಅಲ್ಲಿಯೇ. ಬೆರಳನ್ನು ಹಿಂಡಿ ರಕ್ತ ತೆಗೆದರು, ನಮ್ಮ ನಲ್ಲಿಯಲ್ಲಿ ತೊಳೆದರು, ಸೆರಗಿನ ಅಂಚಿನಿಂದ ಒತ್ತಿಕೊಂಡು ಮುಂದಿನ ಮನೆಯ ಬುಟ್ಟಿ ಎತ್ತಿದರು. ಆಸ್ಪತ್ರೆಗೆ ಹೋಗಿ ಎಂದರೆ, ಅರ್ಧ ಬೀದಿಗೆ ಗಾಡಿ ನಿಲ್ಲಿಸಿದರೆ ಮೇಸ್ತ್ರಿ ಬೈಯುತ್ತಾರೆ ಎಂದರು.

ಕಂದಾಯ ಕಟ್ಟಿದ ದಿನವೇ ಈ ವಸ್ತುಗಳನ್ನು ಯಾರಿಗೆ ಕೊಡಬೇಕೆಂದು ಕೇಳಿದೆ. ಕಂದಾಯ ಶಾಖೆಯವರು ಆರೋಗ್ಯ ಶಾಖೆಗೆ ಕಳಿಸಿದರು. ಆರೋಗ್ಯ ಶಾಖೆಯಲ್ಲಿ ಸಿಕ್ಕ ಉತ್ತರ: "ಪೇಪರ್ ಸುತ್ತಿ ಒಣ ಕಸಕ್ಕೆ ಹಾಕಿ ಮೇಡಂ." ಆ ಕೈಯನ್ನು ನೋಡಿದ ಮೇಲೆ ನನ್ನಿಂದ ಅದು ಆಗುವುದಿಲ್ಲ.

ಇಂಥ ಕಸವನ್ನು ತೆಗೆದುಕೊಳ್ಳುವುದು ಪುರಸಭೆಯ ಕರ್ತವ್ಯವೋ, ಮನಸ್ಸಿದ್ದರೆ ಮಾಡುವ ಉಪಕಾರವೋ? ಹಣವಿಲ್ಲ ಎನ್ನುತ್ತಾರೆ, ನಾವು ಕಟ್ಟುವ ಹಣ ಎಲ್ಲಿಗೆ ಹೋಗುತ್ತದೆ? ವ್ಯವಸ್ಥೆ ಆಗುವವರೆಗೆ ಮನೆಯಲ್ಲಿ ಇವನ್ನು ಹೇಗೆ ಇಟ್ಟುಕೊಳ್ಳಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ನಿವೃತ್ತ ಆರೋಗ್ಯ ನಿರೀಕ್ಷಕ

ಕರ್ತವ್ಯ, ಮೇಡಂ. ಅದರಲ್ಲಿ ಎರಡು ಮಾತಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಗೃಹಬಳಕೆಯ ಅಪಾಯಕಾರಿ ತ್ಯಾಜ್ಯ ಎಂದರೆ ಯಾವುದು ಎಂದು ಹೆಸರು ಹಿಡಿದು ಬರೆದಿದ್ದರು: ಪೇಂಟ್ ಡಬ್ಬಿ, ಕೀಟನಾಶಕದ ಡಬ್ಬಿ, ಸಿಎಫ್‌ಎಲ್, ಟ್ಯೂಬ್‌ಲೈಟ್, ಅವಧಿ ಮೀರಿದ ಔಷಧಿ, ಒಡೆದ ಪಾದರಸದ ಥರ್ಮಾಮೀಟರ್, ಬಳಸಿದ ಬ್ಯಾಟರಿ, ಸೂಜಿ, ಸಿರಿಂಜ್. ನಿಮ್ಮ ಅಟ್ಟದ ಪಟ್ಟಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇವನ್ನು ಪಡೆಯಲು ಸ್ಥಳೀಯ ಸಂಸ್ಥೆಯು ಪ್ರತಿ 20 ಚದರ ಕಿಲೋಮೀಟರಿಗೆ ಅಥವಾ ಅದರ ಭಾಗಕ್ಕೆ ಒಂದು ಸಂಗ್ರಹ ಕೇಂದ್ರ ತೆರೆಯಬೇಕು, ಯಾವ ಹೊತ್ತಿನಲ್ಲಿ ತೆಗೆದುಕೊಳ್ಳುತ್ತಾರೆಂದು ಪ್ರಕಟಿಸಬೇಕು, ಅಲ್ಲಿಂದ ಸುರಕ್ಷಿತವಾಗಿ ವಿಲೇವಾರಿ ಘಟಕಕ್ಕೆ ಸಾಗಿಸಬೇಕು ಎಂದೂ ಅದರಲ್ಲೇ ಇತ್ತು. "ಅಥವಾ ಅದರ ಭಾಗಕ್ಕೆ" ಎಂಬ ಮಾತನ್ನು ಗಮನಿಸಿ. ನಿಮ್ಮ ಊರಿನ ವಿಸ್ತೀರ್ಣ 20 ಚದರ ಕಿ.ಮೀ.ಗಿಂತ ಕಡಿಮೆ ಇದ್ದರೂ ಒಂದು ಕೇಂದ್ರ ಇರಲೇಬೇಕಾಗಿತ್ತು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳಂತೆ ಕಸವನ್ನು ನಾಲ್ಕಾಗಿ ವಿಂಗಡಿಸಬೇಕು. ಹಸಿ, ಒಣ, ಸ್ಯಾನಿಟರಿ, ನಾಲ್ಕನೆಯದಾಗಿ ವಿಶೇಷ ಕಾಳಜಿಯ ತ್ಯಾಜ್ಯ. ನಿಮ್ಮ ಬಾಟಲಿ, ಬಲ್ಬು, ಡಬ್ಬಿಗಳೆಲ್ಲ ಈ ನಾಲ್ಕನೆಯದಕ್ಕೆ ಸೇರುತ್ತವೆ.

ಸೂಜಿಗೆ ಇನ್ನೊಂದು ಆಧಾರವೂ ಇದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಮನೆಯಲ್ಲಿ ಚಿಕಿತ್ಸೆಯಿಂದ ಹುಟ್ಟುವ ತ್ಯಾಜ್ಯವನ್ನು ಪ್ರತ್ಯೇಕ ಚೀಲ ಅಥವಾ ಡಬ್ಬಿಯಲ್ಲಿ ಪುರಸಭೆಯ ಸಂಗ್ರಾಹಕರಿಗೆ ಕೊಡಬೇಕು. ಆಸ್ಪತ್ರೆಗಳ ತ್ಯಾಜ್ಯ ಒಯ್ಯುವ ಸಾಮೂಹಿಕ ಸಂಸ್ಕರಣಾ ಘಟಕದ ಜೊತೆ ಪುರಸಭೆ ಒಪ್ಪಂದ ಮಾಡಿಕೊಳ್ಳಬೇಕು. ಆ ಘಟಕದ ಹಳದಿ ಗಾಡಿ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೇಗೂ ಬರುತ್ತಿರುತ್ತದೆ. ಅದೇ ಗಾಡಿ ಪುರಸಭೆಯ ಸಂಗ್ರಹ ಕೇಂದ್ರದ ಮುಂದೆಯೂ ನಿಂತರೆ ಕೆಲಸವಾಯಿತು.

ಹುದ್ದೆಯಲ್ಲಿದ್ದಾಗ ನನ್ನನ್ನು ಕಾಡುತ್ತಿದ್ದ ವಿಷಯ ಗೊಬ್ಬರದ್ದು. ಹಸಿ ಕಸದಿಂದ ಗೊಬ್ಬರ ಮಾಡಿ ರೈತರಿಗೆ ಕೊಡುತ್ತೇವೆ. ಆ ಗೊಬ್ಬರದಲ್ಲಿ ಪಾದರಸ ಕಿಲೋಗೆ 0.15 ಮಿಲಿಗ್ರಾಂ ಮೀರಬಾರದೆಂದು 2016ರ ನಿಯಮದ ಅನುಸೂಚಿಯಲ್ಲೇ ಮಿತಿ ಹಾಕಿದ್ದರು. ಒಂದು ಸಿಎಫ್‌ಎಲ್‌ನಲ್ಲಿ 3 ಮಿಲಿಗ್ರಾಂ ಪಾದರಸ ಇದೆ ಎಂದುಕೊಂಡರೂ, ಅದು ಪೂರ್ತಿ ಬೆರೆತರೆ 20 ಕಿಲೋ ಗೊಬ್ಬರವನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತದೆ. ಸೆಲ್ಲುಗಳಿಂದ ಕ್ಯಾಡ್ಮಿಯಂ, ಹಳೆಯ ಬಣ್ಣದಿಂದ ಸೀಸ ಬೇರೆ. ಕಣ್ಣಿಗೆ ಕಾಣುವ ಪ್ಲಾಸ್ಟಿಕ್ಕನ್ನು ಜರಡಿ ಹಿಡಿದು ತೆಗೆಯಬಹುದು. ಇವನ್ನು ತೆಗೆಯುವ ಜರಡಿ ಯಾರ ಹತ್ತಿರವೂ ಇಲ್ಲ, ಮೊದಲೇ ಬೇರೆ ಇಡುವುದೊಂದೇ ದಾರಿ.

ಈಗ ಮನೆಯ ಮಟ್ಟಿಗೆ. ಟ್ಯೂಬ್‌ಲೈಟುಗಳನ್ನು ಹೊಸದು ಬಂದ ರಟ್ಟಿನ ಕವಚದಲ್ಲೇ ಇಡಿ. ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಆಚೆ ಇರಿ, ಆಮೇಲೆ ಗಟ್ಟಿ ಕಾಗದದಿಂದ ಚೂರುಗಳನ್ನು ಬಳಿದು ಅಂಟುಪಟ್ಟಿಯಿಂದ ಪುಡಿ ಎತ್ತಿ ಮುಚ್ಚಳದ ಡಬ್ಬಿಗೆ ಹಾಕಿ. ಪೊರಕೆ ಹಿಡಿಯಬೇಡಿ, ಪುಡಿ ಮೇಲೇಳುತ್ತದೆ. ಕೀಟನಾಶಕವನ್ನು ಮೂಲ ಡಬ್ಬಿಯಲ್ಲೇ, ಹೆಸರಿನ ಚೀಟಿ ಉಳಿಯುವಂತೆ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಿ. ಚರಂಡಿಗೆ ಸುರಿಯುವುದು, ಡಬ್ಬಿ ಸುಡುವುದು, ತೊಳೆದು ಸೀಮೆಎಣ್ಣೆಗೆ ಬಳಸುವುದು ಮೂರೂ ಬೇಡ. ಮೈಲುತುತ್ತ ಮಾತ್ರ ಕಸವಲ್ಲ. ಗಟ್ಟಿಯಾದರೂ ಅದು ಕೆಡುವುದಿಲ್ಲ. ಮಳೆಗಾಲಕ್ಕೆ ಮೊದಲು ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಪರಿಚಯದ ತೋಟದವರಿಗೆ ಕೊಟ್ಟುಬಿಡಿ. ಕೆರೆ, ಹಳ್ಳದ ನೀರಿಗೆ ಮಾತ್ರ ಬೀಳಬಾರದು, ಮೀನು ಸಾಯುತ್ತವೆ.

ತಾಲ್ಲೂಕು ಆಸ್ಪತ್ರೆಯ ಶುಶ್ರೂಷಕಿ

ಸೂಜಿ ಚುಚ್ಚಿದ ಆ ಮಹಿಳೆಯ ವಿಷಯಕ್ಕಷ್ಟೇ ಬರೆಯುತ್ತೇನೆ, ಉಳಿದದ್ದನ್ನು ಮೇಲಿನವರು ಹೇಳಿದ್ದಾರೆ.

ಸೂಜಿ ಚುಚ್ಚಿದಾಗ ಬೆರಳನ್ನು ಹಿಂಡಬಾರದು. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಬೇಕು, ಅಷ್ಟೇ. ಡೆಟಾಲ್, ಸುಣ್ಣ, ಅರಿಶಿನ ಯಾವುದೂ ಬೇಡ. ತಕ್ಷಣ ಸರ್ಕಾರಿ ಆಸ್ಪತ್ರೆಗೆ ಬರಬೇಕು. ಎಚ್‌ಐವಿ ತಡೆಯುವ ಮಾತ್ರೆಯನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ತೀರಾ ತಡವೆಂದರೂ 72 ಗಂಟೆಯೊಳಗೆ ಶುರು ಮಾಡಬೇಕು. ಆಮೇಲೆ ಕೊಟ್ಟು ಪ್ರಯೋಜನವಿಲ್ಲ. ಆ ಮಾತ್ರೆ 28 ದಿನ. ಹೆಪಟೈಟಿಸ್ ಬಿ ಇನ್ನೂ ಸುಲಭವಾಗಿ ಅಂಟುತ್ತದೆ, ಅದರ ವೈರಸ್ ದೇಹದ ಹೊರಗೂ ಏಳು ದಿನ ಬದುಕಿರಬಲ್ಲದು. ಅದಕ್ಕೆ ಲಸಿಕೆ ಇದೆ, ಮೂರು ಡೋಸು. ದಿನವೂ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಅದು ಕೆಲಸಕ್ಕೆ ಸೇರಿದಾಗಲೇ ಆಗಿರಬೇಕು.

ತಿಂಗಳು ಕಳೆದಿದೆ, ಮಾತ್ರೆಯ ಅವಧಿ ದಾಟಿದೆ. ಆದರೂ ಅವರನ್ನು ಕರೆದುಕೊಂಡು ಬನ್ನಿ. ರಕ್ತ ಪರೀಕ್ಷೆ ಮಾಡಿಸಬೇಕು, ಕೆಲವು ವಾರಗಳ ನಂತರ ಮತ್ತೆ ಮಾಡಿಸಬೇಕು. ಲಸಿಕೆ ಆಗಿಲ್ಲದಿದ್ದರೆ ಈಗಲೇ ಶುರು ಮಾಡಬಹುದು. ಹೆದರಿಸುವುದಕ್ಕೆ ಬರೆಯುತ್ತಿಲ್ಲ, ಬಹಳಷ್ಟು ಸಲ ಏನೂ ಆಗುವುದಿಲ್ಲ. ಆದರೆ ಅವರು ತಿಂಗಳಿಂದ ಆ ಯೋಚನೆಯಲ್ಲೇ ಕೆಲಸ ಮಾಡುತ್ತಿರಬಹುದು, ಯಾರ ಹತ್ತಿರವೂ ಹೇಳಿಕೊಂಡಿರಲಿಕ್ಕಿಲ್ಲ.

ನಿಮ್ಮ ಬಾಟಲಿಗೆ ಒಂದು ಸಲಹೆ: ಗಾಜು ಬೇಡ, ಬಿದ್ದರೆ ಸೂಜಿಯ ಜೊತೆ ಗಾಜಿನ ಚೂರೂ ಸೇರುತ್ತದೆ. ಶಾಂಪೂ ಅಥವಾ ಡಿಟರ್ಜೆಂಟಿನ ದಪ್ಪ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳದ ಮೇಲೆ ಟೇಪು ಸುತ್ತಿ, "ಸೂಜಿ ಇದೆ" ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ.

ನೊಂದ ತೆರಿಗೆದಾರ

ಇಷ್ಟು ವಿವರ ಕೊಟ್ಟು ಏನು ಪ್ರಯೋಜನ? ಕೇಂದ್ರ ತೆರೆಯುವವರೆಗೆ ಕಂದಾಯ ಕಟ್ಟುವುದಿಲ್ಲ ಎಂದು ಇಡೀ ಬೀದಿ ಕುಳಿತುಕೊಳ್ಳಲಿ. ಆಗ ಕಣ್ಣು ತೆರೆಯುತ್ತಾರೆ. ನಾನು ಎರಡು ವರ್ಷದಿಂದ ಕಟ್ಟಿಲ್ಲ.

ಪುರಸಭೆಯ ಕಂದಾಯ ಶಾಖೆಯಲ್ಲಿ ಕೆಲಸ ಮಾಡಿದವನು

ದಯವಿಟ್ಟು ಹಾಗೆ ಮಾಡಬೇಡಿ. ಜೂನ್ 30 ದಾಟಿದರೆ ತಿಂಗಳಿಗೆ ಶೇ 2ರಂತೆ ದಂಡ ಏರುತ್ತದೆ, ಎರಡು ವರ್ಷದ ಬಾಕಿಗೆ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿ. ನಾಳೆ ಖಾತೆ ಬದಲಾವಣೆಗೋ ಕಟ್ಟಡ ಪರವಾನಗಿಗೋ ಹೋದಾಗ ಮೊದಲು ಕೇಳುವುದು ಬಾಕಿ ಇಲ್ಲದ ರಸೀದಿ. ಅದಕ್ಕಿಂತ ಮುಖ್ಯವಾಗಿ, ಬಾಕಿ ಇಟ್ಟುಕೊಂಡವರು ಸಭೆಯಲ್ಲಿ ಎದ್ದು ನಿಂತರೆ ಅಧಿಕಾರಿ ಕೇಳುವ ಮೊದಲ ಪ್ರಶ್ನೆಗೇ ಅವರ ಬಾಯಿ ಕಟ್ಟುತ್ತದೆ. ಶಿಕ್ಷಕಿಯವರ ಕೈಯಲ್ಲಿ ಏಪ್ರಿಲ್ ರಸೀದಿ ಇದೆ. ಪ್ರಶ್ನೆ ಕೇಳುವವರಿಗೆ ಅದಕ್ಕಿಂತ ಗಟ್ಟಿ ಆಧಾರ ಬೇರೆ ಇಲ್ಲ.

ಹಣ ಎಲ್ಲಿ ಹೋಗುತ್ತದೆ ಎಂಬುದಕ್ಕೆ ಬರುತ್ತೇನೆ. ಚಲನ್‌ನಲ್ಲಿರುವ 576 ರೂಪಾಯಿ ಉಪಕರ ಪುರಸಭೆಯ ಬಳಕೆಗೆ ಸಿಗುವ ಹಣವಲ್ಲ. 360 ರೂಪಾಯಿಯ ಆರೋಗ್ಯ ಉಪಕರ ರಾಜ್ಯ ಸರ್ಕಾರಕ್ಕೆ, 144 ಗ್ರಂಥಾಲಯಕ್ಕೆ, ಭಿಕ್ಷುಕರ ಉಪಕರದ 72 ನಿರಾಶ್ರಿತರ ಪರಿಹಾರಕ್ಕೆ. ಪುರಸಭೆ ವಸೂಲಿ ಮಾಡಿ ಮುಂದಕ್ಕೆ ಜಮಾ ಮಾಡಬೇಕು. ಊರಿನಲ್ಲಿ ಉಳಿಯುವುದು ನಿಮ್ಮ 2,400 ಮತ್ತು ಕೊನೆಯ ಸಾಲಿನ 360 ಘನತ್ಯಾಜ್ಯ ಶುಲ್ಕ. ನೀವು ಹಿಡಿದು ಕೇಳಬೇಕಾದದ್ದು ಆ ಕೊನೆಯ ಸಾಲನ್ನು. ಕಸಕ್ಕೆಂದೇ ಹೆಸರು ಹೇಳಿ ತೆಗೆದುಕೊಂಡ ಹಣ ಅದು.

ಸಂಗ್ರಹ ಕಡಿಮೆ ಎಂಬುದೂ ಸುಳ್ಳಲ್ಲ. 2002ರಿಂದ ನಮ್ಮ ಪಟ್ಟಣಗಳಲ್ಲಿ ಸ್ವಯಂ ಘೋಷಣೆಯ ಪದ್ಧತಿ ಇದೆ. ಸರ್ಕಾರ ಗೊತ್ತು ಮಾಡಿದ ಮಾರ್ಗಸೂಚಿ ಬೆಲೆ ಮತ್ತು ಕಟ್ಟಡದ ಅಳತೆ ನೋಡಿ ಮಾಲೀಕರೇ ತೆರಿಗೆ ಲೆಕ್ಕ ಹಾಕಿ ಕಟ್ಟುತ್ತಾರೆ. ನಾನು ಅಳತೆ ಟೇಪು ಹಿಡಿದು ಹೋದಲ್ಲೆಲ್ಲ ಕಂಡದ್ದು ಒಂದೇ ಕಥೆ. ಘೋಷಣೆಯಲ್ಲಿ ಹಂಚಿನ ಮನೆ, ಎದುರಿಗೆ ಆರ್‌ಸಿಸಿ ಮನೆ ಮತ್ತು ಅದರ ಮೇಲೊಂದು ಅಂತಸ್ತು. ಘೋಷಣೆಯಲ್ಲಿ ವಾಸದ ಮನೆ, ಕೆಳಗೆ ಬಾಗಿಲಿಗೆ ಶಟರ್ ಇಳಿಸಿದ ಎರಡು ಮಳಿಗೆ. ಪ್ರಾಮಾಣಿಕವಾಗಿ ಕಟ್ಟುವ ಹಳೇಪೇಟೆಯ ಮನೆಗಳು ಮುಖ್ಯರಸ್ತೆಯ ಕಟ್ಟಡಗಳ ಭಾರವನ್ನೂ ಹೊರುತ್ತಿವೆ. ಇದನ್ನು ಸರಿಪಡಿಸಿದರೆ ದರ ಒಂದು ಪೈಸೆ ಏರಿಸದೆ ಕಂದಾಯ ಹೆಚ್ಚುತ್ತದೆ ಎಂದು ನಾನು ನಂಬಿದ್ದೇನೆ, ಶಾಖೆಯಲ್ಲಿ ಹೇಳಿಯೂ ಇದ್ದೇನೆ.

ನೀವು ಕೇಳಬೇಕಾದ ದಾಖಲೆಯ ಹೆಸರು ಡಿಸಿಬಿ. ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು ಎಂಬ ತಖ್ತೆ. ಆಸ್ತಿ ತೆರಿಗೆಗೆ ಒಂದು, ಘನತ್ಯಾಜ್ಯ ಶುಲ್ಕಕ್ಕೆ ಒಂದು, ಜೊತೆಗೆ ಆ ಶುಲ್ಕದಿಂದ ಮಾಡಿದ ಖರ್ಚಿನ ವಿವರ. ಬಾಯಿಮಾತಿನಲ್ಲಿ ಕೊಡದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ, 30 ದಿನದೊಳಗೆ ಉತ್ತರ ಬರಬೇಕು. 15ನೇ ಹಣಕಾಸು ಆಯೋಗದ ಅನುದಾನವನ್ನೂ ಕೇಳಿ. 2021ರಿಂದ 2026ರ ಅವಧಿಗೆ ನಮ್ಮಂಥ ಪಟ್ಟಣಗಳಿಗೆ ಬಂದ ಆ ಹಣದಲ್ಲಿ ಶೇ 30 ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೇ ಮೀಸಲಾಗಿತ್ತು, ಬೇರೆಯದಕ್ಕೆ ಮುಟ್ಟುವಂತಿರಲಿಲ್ಲ. ಅದರಲ್ಲಿ ಏನು ಕೊಂಡರು, ಏನು ಉಳಿದಿದೆ ಎಂದು ಕೇಳಿ.

ಖರ್ಚಿನ ವಿಷಯ: ಬೇಕಾಗಿರುವುದು ಸಿಮೆಂಟ್ ನೆಲದ, ಮಳೆನೀರು ಒಳಬರದ, ಬೀಗ ಹಾಕಬಹುದಾದ ಒಂದು ಕೋಣೆ. ಮುಚ್ಚಳವಿರುವ ಡ್ರಮ್ಮುಗಳು, ಟ್ಯೂಬ್‌ಲೈಟುಗಳಿಗೆ ಉದ್ದನೆಯ ಪೆಟ್ಟಿಗೆ, ಒಂದು ರಿಜಿಸ್ಟರ್. ಇಂಥ ಕೋಣೆ ಪ್ರತಿ ಪುರಸಭೆಯ ಹಳೆಯ ನೀರಿನ ಟ್ಯಾಂಕಿನ ಕೆಳಗೋ ಮಳಿಗೆಗಳ ಹಿಂದೆಯೋ ಖಾಲಿ ಬಿದ್ದಿರುತ್ತದೆ. ಕೀಟನಾಶಕ, ಪೇಂಟ್‌ನಂಥವನ್ನು ಕೊನೆಗೆ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಘಟಕದಂಥ ಕಡೆಗೆ ಕಳಿಸಬೇಕಾಗುತ್ತದೆ. ಒಂದು ಪುರಸಭೆಯ ಸರಕಿಗೆ ಲಾರಿ ತುಂಬುವುದಿಲ್ಲ, ಬಾಡಿಗೆ ದುಬಾರಿಯಾಗುತ್ತದೆ. ಜಿಲ್ಲೆಯ ಎಲ್ಲ ಪಟ್ಟಣಗಳದ್ದನ್ನೂ ಸೇರಿಸಿ ಒಂದೇ ಸಾಗಣೆ ಮಾಡಿಸುವುದು ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರ ಕೈಯಲ್ಲಿ ಆಗುವ ಕೆಲಸ. ಮನವಿಯ ಪ್ರತಿ ಅವರಿಗೂ ಹೋಗಲಿ.

ಎಲೆಕ್ಟ್ರಿಕಲ್ ಅಂಗಡಿಯವರು

ಇನ್ವರ್ಟರ್ ಬ್ಯಾಟರಿಯ ಚಿಂತೆ ಬೇಡ, ಹೊಸದು ಕೊಳ್ಳುವಾಗ ಹಳೆಯದನ್ನು ನಾವೇ ಬೆಲೆ ಕಟ್ಟಿ ತೆಗೆದುಕೊಳ್ಳುತ್ತೇವೆ. ಗುಜರಿಯವರಿಗೆ ಕೊಡಬೇಡಿ, ಕೆಲವರು ಆಸಿಡ್ಡನ್ನು ಚರಂಡಿಗೆ ಸುರಿದು ಸೀಸ ಮಾತ್ರ ಒಯ್ಯುತ್ತಾರೆ. ಟ್ಯೂಬ್‌ಲೈಟನ್ನು ಗಿರಾಕಿಗಳು ತಂದುಕೊಟ್ಟರೆ ಇಟ್ಟುಕೊಳ್ಳಲು ನಾನು ಸಿದ್ಧ, ಆದರೆ ನನ್ನಿಂದ ಅದನ್ನು ಒಯ್ಯುವವರು ಬೇಕು. ಪುರಸಭೆಯ ಗಾಡಿ ತಿಂಗಳಿಗೊಮ್ಮೆ ಬರುತ್ತದೆಂದು ಬರೆದುಕೊಟ್ಟರೆ ಬಜಾರಿನ ಉಳಿದ ಅಂಗಡಿಗಳನ್ನೂ ಒಪ್ಪಿಸುತ್ತೇನೆ.

ಹಳೇಪೇಟೆ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಇಷ್ಟು ಸ್ಪಷ್ಟವಾದ ಉತ್ತರಗಳು ಸಿಗುತ್ತವೆಂದು ಎಣಿಸಿರಲಿಲ್ಲ.

ಶುಶ್ರೂಷಕಿಯವರೇ, ಆ ಮಹಿಳೆಯನ್ನು ಒಪ್ಪಿಸಿ ಆಸ್ಪತ್ರೆಗೆ ಕರೆದೊಯ್ದೆವು. ಮೊದಲ ಪರೀಕ್ಷೆಯಲ್ಲಿ ತೊಂದರೆಯಿಲ್ಲ, ಮತ್ತೊಮ್ಮೆ ಬರಲು ದಿನ ಕೊಟ್ಟಿದ್ದಾರೆ. ಇಷ್ಟು ವರ್ಷ ಕೆಲಸ ಮಾಡಿದರೂ ಅವರಿಗೆ ಹೆಪಟೈಟಿಸ್ ಬಿ ಲಸಿಕೆ ಆಗಿರಲಿಲ್ಲ. ಮೊದಲ ಡೋಸ್ ಹಾಕಿದರು. ಅವರ ಜೊತೆಯ ಯಾರಿಗೂ ಆಗಿಲ್ಲವೆಂದು ಅವರೇ ಹೇಳಿದರು. ನನ್ನ ಮನಸ್ಸಿನಲ್ಲಿ ಈಗ ಸಂಗ್ರಹ ಕೇಂದ್ರಕ್ಕಿಂತ ಇದೇ ಮುಂದೆ ಬಂದಿದೆ, ಏಕೆಂದರೆ ಇದಕ್ಕೆ ಕೋಣೆ ಬೇಡ, ಲಾರಿ ಬೇಡ. ಒಂದು ಪತ್ರ ಬರೆದು ಆಸ್ಪತ್ರೆಯಲ್ಲಿ ಒಂದು ದಿನ ಗೊತ್ತು ಮಾಡಿದರೆ ಸಾಕು.

ಕಂದಾಯ ನಿಲ್ಲಿಸುವ ಸಲಹೆ ಕೊಟ್ಟವರಿಗೆ: ನಿಮ್ಮ ಸಿಟ್ಟು ನನಗೂ ಇದೆ. ಆದರೆ ನಾವು ಕಟ್ಟದಿದ್ದರೆ ಮೊದಲು ನಿಲ್ಲುವುದು ಕೈಗವಸಿನ ಖರೀದಿ, ಕಚೇರಿಯ ಏಸಿ ನಿಲ್ಲುವುದಿಲ್ಲ. ಬಾಕಿ ಕಟ್ಟಿ ನಮ್ಮ ಜೊತೆ ಬನ್ನಿ.

ನಮ್ಮಲ್ಲಿ ಸದ್ಯ ಚುನಾಯಿತ ಸದಸ್ಯರಿಲ್ಲ, ಆಡಳಿತಾಧಿಕಾರಿ ಇದ್ದಾರೆ. ಅವರಿಗೂ ಮುಖ್ಯಾಧಿಕಾರಿಗೂ ಕೊಡಲು ಬೀದಿಯವರೆಲ್ಲ ಕುಳಿತು ಮನವಿ ಬರೆದೆವು. ಬಳಸಿಕೊಳ್ಳುವವರಿಗೆ ಅನುಕೂಲವಾಗಲೆಂದು ಮುಖ್ಯ ಭಾಗ ಇಲ್ಲಿ ಹಾಕುತ್ತಿದ್ದೇನೆ:

"ಈ ಮನವಿಗೆ ಸಹಿ ಮಾಡಿದ ನಾವೆಲ್ಲರೂ ಪ್ರಸಕ್ತ ಸಾಲಿನ ಆಸ್ತಿ ತೆರಿಗೆ ಮತ್ತು ಘನತ್ಯಾಜ್ಯ ಶುಲ್ಕ ಪಾವತಿಸಿದ್ದೇವೆ, ರಸೀದಿಗಳ ಪ್ರತಿ ಲಗತ್ತಿಸಿದೆ. ಮನೆಗಳಲ್ಲಿ ಉಂಟಾಗುವ ಸೂಜಿ, ಔಷಧಿ, ಪಾದರಸದ ದೀಪ, ಬ್ಯಾಟರಿ, ಕೀಟನಾಶಕ ಮತ್ತು ಬಣ್ಣದ ಡಬ್ಬಿಗಳನ್ನು ಪಡೆಯಲು ಪಟ್ಟಣದಲ್ಲಿ ಒಂದು ಸಂಗ್ರಹ ಕೇಂದ್ರವನ್ನು ಗುರುತಿಸಿ, ತೆರೆದಿರುವ ದಿನ ಮತ್ತು ವೇಳೆಯನ್ನು ಕಸದ ಆಟೋಗಳ ಧ್ವನಿವರ್ಧಕದಲ್ಲಿ ಪ್ರಕಟಿಸಬೇಕು. ಸೂಜಿ ಮತ್ತು ಸಿರಿಂಜ್‌ಗಳಿಗಾಗಿ ಸಾಮೂಹಿಕ ಜೈವಿಕ ವೈದ್ಯಕೀಯ ತ್ಯಾಜ್ಯ ಸಂಸ್ಕರಣಾ ಘಟಕದೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು. ನೇರ ಪಾವತಿ ಹಾಗೂ ಹೊರಗುತ್ತಿಗೆಯವರೂ ಸೇರಿದಂತೆ ಎಲ್ಲ ಪೌರಕಾರ್ಮಿಕರಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕು, ಸೂಜಿ ತೂರದ ದಪ್ಪ ಕೈಗವಸು ಕೊಡಬೇಕು, ಗಾಯವಾದ ದಿನ ಸಂಬಳ ಕಡಿತವಿಲ್ಲದೆ ಆಸ್ಪತ್ರೆಗೆ ಹೋಗಲು ಲಿಖಿತ ಆದೇಶ ಹೊರಡಿಸಬೇಕು. ಘನತ್ಯಾಜ್ಯ ಶುಲ್ಕದ ಬೇಡಿಕೆ, ವಸೂಲಿ, ಬಾಕಿ ಮತ್ತು ಖರ್ಚಿನ ತಖ್ತೆಯನ್ನು ಕಚೇರಿಯ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು."

"ಹೊರಗುತ್ತಿಗೆಯವರೂ ಸೇರಿದಂತೆ" ಎಂಬ ಮಾತನ್ನು ಬಿಡಬೇಡಿ. ಆಟೋ ಜೊತೆ ಬರುವವರಲ್ಲಿ ಕಾಯಂ ನೌಕರರಲ್ಲದವರು ಹೆಚ್ಚು, ಪಟ್ಟಿ ಮಾಡುವಾಗ ಅವರ ಹೆಸರೇ ಮೊದಲು ಬಿಟ್ಟುಹೋಗುತ್ತದೆ.

ಮನವಿಯನ್ನು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಕೊಟ್ಟಿದ್ದೇವೆ, ಯೋಜನಾ ನಿರ್ದೇಶಕರಿಗೂ ಪ್ರತಿ ಹೋಗಿದೆ. ಲಸಿಕೆಯ ಬಗ್ಗೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಪತ್ರ ಬರೆಯಲು ಮುಖ್ಯಾಧಿಕಾರಿ ಅಲ್ಲಿಯೇ ಒಪ್ಪಿದರು. ಕೋಣೆಯ ವಿಷಯ ಕಡತದಲ್ಲಿ ಬರಲಿ, ಬೇರೆ ಕಡೆ ಹೇಗೆ ಮಾಡಿದ್ದಾರೆ ನೋಡೋಣ ಎಂದರು. ಆದ್ದರಿಂದ ನಿಮ್ಮ ಊರಿನ ಪುರಸಭೆಯಲ್ಲೋ ಪಟ್ಟಣ ಪಂಚಾಯಿತಿಯಲ್ಲೋ ಇಂಥ ಕೇಂದ್ರ ತೆರೆಯಲು ಸಭೆಯ ನಡಾವಳಿ ಆಗಿದ್ದರೆ, ಅಥವಾ ಸೂಜಿ ಒಯ್ಯುವ ಒಪ್ಪಂದದ ಪತ್ರ ಇದ್ದರೆ, ಅದರ ಪ್ರತಿಯನ್ನು ಇಲ್ಲಿ ಹಾಕಿ. ಮುಂದಿನ ಸಭೆಯೊಳಗೆ ಕಡತಕ್ಕೆ ಸೇರಿಸಬೇಕಾಗಿದೆ.